ಬೂದಿ ಗುಂಡಿಯ ನಿಂಗವ್ವ

ಆ ಮೊಬೈಲ್ ಬೆಳಕ ನನ್ ಮೊಕಕ್ಕೆ ಬುಡ್ಬ್ಯಾಡ ಶಿವರಂಜಿನಿ, ಆರ್ಸು. ಕರೆಂಟ್ ಬಂದಾಗ ಬತ್ತದೆ. ಕತೆ ಯೋಳತ್ತೆ ಕತೆ ಯೋಳತ್ತೆ ಅಂತ ಪ್ರಾಣ ತಿಂದೋರು ನೀವೇ ತಾನೆ? ಕೇಳಿ ಮತ್ತೆ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೋ, ಎದ್ದು ಓಗಿ ಮಲಗ್ಬುಡ್ತೀನಿ.

ನಮ್ ದೊಡ್ಡವ್ವನ ಮಗ್ಳು ಶಾಂತಿ ಗೊತ್ತಲ್ಲ? ಭೀಮನಬೀಡಿನ ಹತ್ರಕ್ಕೆ ಕೊಟ್ಟಿರೋದು. ಅವ್ಳಿಗೇ ಆದದ್ದು ಇದು. ಅವ್ರಿವ್ರ ಬಾಯಿಂದ ಕೇಳಿದ್ದಲ್ಲ. ನನ್ ಕೈ ಹಿಡ್ಕಂಡು ಅವ್ಳೇ ಯೋಳಿದ್ದು.

ಶಾಂತಿ ಗೋಪಾಲಸ್ವಾಮಿ ಬೆಟ್ಟದ ರಸ್ತೇಲಿ ಒಂದು ರೆಸಾರ್ಟಲ್ಲಿ ರೂಮ್ ಗುಡ್ಸೋ ಕೆಲ್ಸಕ್ಕೆ ಓಯ್ತಿದ್ಲು. ಅವತ್ತು ಜನ ಜಾಸ್ತಿ, ಬುಟ್ಟಿದ್ದೇ ಕತ್ಲಾದ್ ಮ್ಯಾಲೆ. ಗುಂಡ್ಲುಪೇಟೇಲಿ ಕಡೇ ಬಸ್ಸು ಹಿಡ್ದು, ಊರ್ ಗೇಟಲ್ಲಿ ಇಳ್ದು, ಒಬ್ಳೇ ನಡ್ಕಂಡು ಬಂದ್ಲು. ದಾರೀಲಿ ದೊಡ್ಡ ಆಲದ ಮರ. ಅದ್ರ ಪಕ್ಕ ಪಾಳು ಬಾವಿ. ನಮ್ ಕಡೆ ಹೆಂಗಸ್ರು ರಾತ್ರಿ ಒತ್ತು ದೆವ್ವ ಗಿವ್ವಕ್ಕೆ ಎಲ್ಲಿ ಭಯ ಬೀಳ್ತಾರೆ? ಆನೆ ಅಡ್ಡ ಬಂದ್ರೆ ಏನ್ ಗತಿ, ಚಿರತೆ ಕೂತಿದ್ರೆ ಏನ್ ಗತಿ, ಅದೇ ದಿಗ್ಲು. ಅವ್ಳೂ ಅಂಗೇ ಕಿವಿ ನಿಮಿರ್ಸ್ಕಂಡು ಬತ್ತಿದ್ಲು.

ಬಾವಿ ಹತ್ರ ಬಂದ್ಲು... ಏನೋ ಶಬ್ದ.

ಕರುಂ... ಕರುಂ...

ನಿಂತ್ಲು. ಶಬ್ದಾನೂ ನಿಂತೋಯ್ತು. ಮೆಲ್ಲಗೆ ಕಾಲೆತ್ತಿಟ್ಲು...

ಕರುಂ... ಕರುಂ...

ಅನ್ನದಲ್ಲಿ ಕಲ್ಲು ಸಿಕ್ಕಿ ಹಲ್ಲಿಗೆ ಬತ್ತದಲ್ಲ, ಆ ಶಬ್ದ ಕಣ್ರಮ್ಮಿ. ಆದ್ರೆ ಒಂದ್ ಕಲ್ಲಲ್ಲ. ಬಾಯ್ ತುಂಬ ಕಲ್ಲು ತುಂಬ್ಕಂಡು ಯಾರೋ ಅಗೀತಾವ್ರೆ. ನಡುನಡುವೆ ಗುಟುಕ್ ಅಂತ ನುಂಗೋದು ಕೇಳ್ತದೆ. ಬಾವಿ ಪಕ್ಕದ ಬೂದಿ ಗುಂಡಿಯಿಂದ ಬತ್ತಾ ಅದೆ ಶಬ್ದ.

ತಡೀರಿ. ಆ ಗುಂಡಿ ವಿಷ್ಯ ಯೋಳ್ದೆ ಓದ್ರೆ ಮುಂದಿಂದು ನಿಮ್ ತಲೆಗೆ ಓಗಾಕಿಲ್ಲ.

ಶಾಂತಿ ಗಂಡ ಶಿವಮಲ್ಲು ಗುಜರಿ ವ್ಯಾಪಾರ ಮಾಡ್ತಿದ್ದ. ಕಬ್ಣ ತಗಡಿನ ಗುಜರಿ ಅಲ್ಲ. ಕೆಟ್ಟೋದ ಟಿವಿ, ಕಂಪ್ಯೂಟರು, ಚಾರ್ಜರು, ಮೊಬೈಲು, ಯುಪಿಎಸ್ ಬ್ಯಾಟ್ರಿ... ಪಟ್ಟಣದೋರು ಬ್ಯಾಡ ಅಂತ ಬಿಸಾಕಿದ್ದನ್ನೆಲ್ಲ ಗೂಡ್ಸ್ ಆಟೋದಲ್ಲಿ ತುಂಬ್ಕಂಡು ಬರೋನು. ಅವ್ನಿಗೆ ಬೇಕಾಗಿದ್ದು ಒಳಗಿರೋ ತಾಮ್ರ. ವೈರು, ಬೋರ್ಡು ಎಲ್ಲಾನೂ ಆ ಗುಂಡಿಗೆ ಸುರ್ದು ಬೆಂಕಿ ಕೊಟ್ರೆ ಪ್ಲಾಸ್ಟಿಕ್ ಸುಟ್ಟೋಯ್ತದೆ, ತಾಮ್ರ ಉಳ್ಕತದೆ. ಬ್ಯಾಟ್ರಿ ಒಡ್ದು ಅದ್ರ ತಗಡೂ ಅಲ್ಲೇ ಕರಗ್ಸೋನು. ಯಾರೂ ಕೇಳ್ದಿರ್ಲಿ ಅಂತ ರಾತ್ರಿ ಒತ್ತೇ ಸುಡೋನು. ಉರಿ ಹಸ್ರು ಬಣ್ಣ ಕಣ್ರಮ್ಮಿ, ಹಸ್ರು! ಆ ಹೊಗೆ ಮೂಗಿಗೆ ಬಿದ್ರೆ ಗಂಟ್ಲು ಕಿತ್ತು ಬರೋದು. ಅವ್ನೇನ್ ಕೆಟ್ಟೋನಲ್ಲ. ದುಡ್ಯೋ ಗಂಡ್ಸು, ಮಗ್ಳು ಅಂದ್ರೆ ಪ್ರಾಣ. ಒಗೆಯೋರು ಒಗೀತಾರೆ, ಆಯೋರು ಆಯ್ತಾರೆ, ಅದ್ರೊಳಗೆ ಏನದೆ ಅಂತ ಯಾವನ್ ಯೋಳ್ತಾನೆ?

ಆಗ ಊರಿಗೆಲ್ಲ ಗ್ಯಾಸ್ ಬಂದಿತ್ತು. ಒಳ್ಳೇದೇ ಆಯ್ತು ಬುಡಿ, ಒಲೆ ಊದೋದ್ ತಪ್ತು. ಆದ್ರೆ ಒಲೆ ಓದ್ ಮ್ಯಾಲೆ ಬೂದಿ ಎಲ್ಲಿಂದ ತರನ? ಪಾತ್ರೆ ಬೆಳಗೋಕೆ ಬೂದಿ ಬೇಕು. ಅಲಸಂದೆ ಕಾಳಿಗೆ ಹುಳ ಬೀಳ್ದಂಗೆ ಕಲ್ಸಿಡೋಕೆ ಬೂದಿ ಬೇಕು. ಐಕ್ಳಿಗೆ ದೃಷ್ಟಿ ಆದ್ರೆ ಹಣೆಗಿಡೋಕೆ ಬೂದಿ ಬೇಕು. ಗ್ಯಾಸಲ್ಲಿ ಬೂದಿ ಉದುರ್ತದಾ? ಆವಾಗ ಶಿವಮಲ್ಲು ಗುಂಡಿ ಚಿಕ್ಕನಿಂಗಮ್ಮನ ಕಣ್ಣಿಗೆ ಬಿತ್ತು.

ಚಿಕ್ಕನಿಂಗಮ್ಮ ಅಂದ್ರೆ ಶಾಂತಿ ಪಕ್ಕದ್ ಅಟ್ಟಿ ಮುದ್ಕಿ. ಎಲ್ರೂ ನಿಂಗವ್ವ ನಿಂಗವ್ವ ಅನ್ನೋರು. ಹೆತ್ತ ಮಕ್ಳಿಲ್ಲ, ಬೀದಿ ಐಕ್ಳೆಲ್ಲ ಅವ್ಳ ಐಕ್ಳೇ. ಯಾವ್ ಕೂಸು ಹಾಲು ಕಕ್ಲಿ, ಯಾವ್ ಕೂಸಿಗೆ ಜ್ವರ ಬರ್ಲಿ, ತಂದು ಅವ್ಳ ಮಡ್ಲಿಗೆ ಆಕೋರು. ದೃಷ್ಟಿ ತೆಗ್ದು, ಬಾಯೊಳಗೇ ಏನೋ ಗೊಣಗ್ಕಂಡು, ಹಣೆಗೆ ಬೂದಿ ಇಟ್ಟು, ನಾಲ್ಗೆ ಮ್ಯಾಲೆ ಒಂದ್ ಚಿಟಿಕೆ ಉದುರ್ಸೋಳು. ನಮ್ ಕಾಲದಿಂದ್ಲೂ ಅದೇ ತಾನೆ? ಒಲೆ ಬೂದೀಲಿ ಯಾರ್ ಸತ್ತಿದ್ರು?

"ಬೂದಿ ಚೆಲ್ಬಾರ್ದು ಕಣವ್ವ, ಶಿವನ ಸೊತ್ತು" ಅಂತ ಗುಂಡಿ ಬೂದೀನ ಜರಡಿ ಹಿಡ್ದು ಬೀದಿಗೆಲ್ಲ ಹಂಚುದ್ಲು. ಪಾತ್ರೆ ಥಳಥಳ ಅಂದ್ವು. ಹೆಂಗಸ್ರೆಲ್ಲ ಖುಷಿ. ಅವ್ಳಂತೂ ಹಲ್ಲೂ ಅದ್ರಲ್ಲೇ ಉಜ್ಜೋಳು.

ಶಾಂತಿ ಮಗ್ಳು ಶಶಿರೇಖಾ ಆಗಿನ್ನೂ ಪುಟ್ಟ ಕೂಸು. ಅರಳು ಹುರ್ದಂಗೆ ಮಾತಾಡೋದು. ಅಂತಾ ಕೂಸು ಹೊಟ್ಟೆ ನೋವು ಅಂತ ಮಗುಚಿ ಮಗುಚಿ ಬೀಳೋಕೆ ಸುರು ಆಯ್ತು. ಉಣ್ಣಾಕಿಲ್ಲ. ಮಲಗಾಕಿಲ್ಲ. ಮಾತೂ ಕಮ್ಮಿ ಆಯ್ತಾ ಬಂತು. ಊರ್ ಹತ್ರದ್ ಡಾಕ್ಟ್ರು ಜಂತುಹುಳ ಅಂದ್ರು, ಔಷಧಿ ಕೊಟ್ರು. ನಿಂಗವ್ವ "ಕಣ್ಣು ಬಿದ್ದದೆ" ಅಂತ ಬೂದಿ ಇಟ್ಲು. ವಾಸಿ ಆಗ್ಲಿಲ್ಲ, ಇನ್ನಷ್ಟು ಇಟ್ಲು. ಕೂಸು ಸೊರಗ್ದಷ್ಟೂ ಬೂದಿ, ಬೂದಿ ಇಟ್ಟಷ್ಟೂ ಕೂಸು ಸೊರಗ್ತು... ಅಯ್ಯೋ ಶಿವ್ನೇ! ಪ್ರೀತಿಯಿಂದ ಇಟ್ಟಿದ್ದು ಕಣ್ರಮ್ಮಿ ಅವ್ಳು.

ಆಮೇಲೆ ನಿಂಗವ್ವನೇ ಹಾಸ್ಗೆ ಹಿಡುದ್ಲು. ಎರ್ಡೂ ಮುಂಗೈ ಜೋತ್ ಬಿದ್ಬುಟ್ವು, ತುತ್ತೆತ್ತೋಕೂ ಆಗ್ದು. ಹೊಟ್ಟೆ ಹಿಡ್ಕಂಡು ಬಗ್ಗಿದ್ರೆ ಏಳೋಳೇ ಅಲ್ಲ. ಅಂಗೇ ಪ್ರಾಣ ಬುಟ್ಲು. ವಯಸ್ಸಾಗಿತ್ತು ಬುಡಿ ಅಂದ್ರು ಊರೋರು. ಇದೆಲ್ಲ ಆದ್ ಮ್ಯಾಲೆ ಶಾಂತಿ ಆ ರಾತ್ರಿ ಬಾವಿ ಹತ್ರ ನಿಂತಿದ್ದು.

ಟಾರ್ಚ್ ಆಕುದ್ಲು...

ಗುಂಡಿಯೊಳಗೆ ಯಾರೋ ಕುಕ್ಕರಗಾಲಲ್ಲಿ ಕೂತವ್ರೆ. ಬೆನ್ನು ಈ ಕಡೀಕೆ. ಬಿಳೀ ತಲೆ. ಮುಂಗೈ ಎರ್ಡೂ ಜೋತಾಡ್ತಾವೆ. ಅದ್ಕೇ ಮೊಣಕೈಲಿ ಬೂದಿ ಒತ್ತರ್ಸ್ಕಂಡು, ದನ ಕಲಗಚ್ಚಿನ ಬಾನಿಗೆ ಬಾಯಾಕ್ದಂಗೆ ಬಗ್ಗಿ ಬಾಯಲ್ಲೇ ತಿಂತಾವ್ರೆ.

ಕರುಂ... ಕರುಂ... ಗುಟುಕ್.

"ಯಾ... ಯಾರದು?"

"ನಾನೇ ಕಣವ್ವ."

ಪಿಸುಮಾತು. ಆದ್ರೂ ಶಾಂತಿಗೆ ಗೊತ್ತಾಗೋಯ್ತು. ಟಾರ್ಚ್ ಅತ್ತಲೇ ಹಿಡ್ದು ನಿಂತ್ಲು.

"ನಿಂಗವ್ವ... ಇಲ್ಲೇನ್ ಮಾಡೀಯೆ?"

"ತಿಂತಾ ಇವ್ನಿ. ಎಲ್ಲಾನೂ ನಾನೇ ತಿಂದ್ಬುಡ್ತೀನಿ. ಕೂಸಿಗೆ ಉಳೀಬಾರ್ದು."

"ಏನು... ಏನ್ ಉಳೀಬಾರ್ದು?"

"ಇದು... ನನ್ ಕೈಯಾರೆ ತಿನ್ನಿಸ್ಬುಟ್ಟೆ ಕಣವ್ವ. ಇಷ ಅಂತ ನಂಗೆ ಗೊತ್ತಿರ್ನಿಲ್ಲ... ನಂಗೆ ಗೊತ್ತಿರ್ನಿಲ್ಲ..."

ಅಳ್ತಾವ್ಳೆ. ಅಳ್ತಾನೇ ಬಗ್ಗಿ ಇನ್ನೊಂದ್ ಬಾಯಿ ತುಂಬ್ಕಂಡ್ಲು.

"ದಿನಾ ಖಾಲಿ ಮಾಡ್ತೀನಿ. ದಿನಾ ಸುಡ್ತಾನೆ ಅವ್ನು. ಆಯ್ತಾಯಿಲ್ಲ ಕಣವ್ವ ನನ್ ಕೈಲಿ. ಹೊಟ್ಟೇಲಿ ಜಾಗಿಲ್ಲ... ಸಾಕು ಅನ್ನು ಅವ್ನಿಗೆ..."

ಅಷ್ಟಂದು ತಿರುಗುದ್ಲು. ಬಾಯಿ ಅಗಲಕ್ಕೆ ತೆಗುದ್ಲು. ಟಾರ್ಚ್ ಬೆಳಕು ಸೀದಾ ಬಾಯೊಳಕ್ಕೆ ಬಿತ್ತು. ಹಲ್ಲಿನ ಬುಡದಲ್ಲಿ, ಒಸಡಿನ ಉದ್ದಕ್ಕೂ... ನೀಲಿ ಗೆರೆ. ಪೆನ್ನಲ್ಲಿ ಗೀರ್ದಂಗೆ.

"ಕೂಸಿನ್ ಬಾಯಿ ನೋಡೋಗು. ಓಗು... ಓಗೇ!"

ಚಪ್ಲಿ ಎಲ್ಲಿ ಬಿತ್ತೋ, ಬ್ಯಾಗ್ ಎಲ್ಲಿ ಬಿತ್ತೋ. ಬಿದ್ದಂಬೀಳ ಓಡ್ಬಂದ್ಲು ಶಾಂತಿ. ಬಾಗ್ಲು ತಳ್ಳುದ್ರೆ ಒಳಗೆ ಶಿವಮಲ್ಲು ಕೂಸ್ನ ತೊಡೆ ಮ್ಯಾಲೆ ಮಲಗಿಸ್ಕಂಡು ಕೂತವ್ನೆ. ಪಕ್ಕದಲ್ಲಿ ನಿಂಗವ್ವನ ಬೂದಿ ಡಬ್ಬಿ. ಅವ್ಳು ಓದ್ ಮ್ಯಾಲೆ ಇವ್ನೇ ದಿನಾ ರಾತ್ರಿ ಇಡ್ತಿದ್ನಂತೆ, ಮುದ್ಕಿ ಇದ್ದಿದ್ರೆ ವಾಸಿ ಮಾಡೋಳು ಅಂತ. ಚಿಟಿಕೆ ಬೂದಿ ಹಿಡ್ದಿರೋ ಬೆರಳು ಕೂಸಿನ್ ತುಟಿ ತಾವಿತ್ತು.

"ಬ್ಯಾಡ!" ಅಂತ ಕಿರುಚಿ ಕೈಗೆ ಒಡುದ್ಲು. ಡಬ್ಬಿ ಟಣ್ ಅಂತ ಬಿದ್ದು ಬಾಗ್ಲ ತನಕ ಉರುಳ್ಕಂಡೋಯ್ತು.

"ಏನಮ್ಮಿ, ತಲೆಗಿಲೆ ಕೆಡ್ತಾ ನಿಂಗೆ?"

"ಲೈಟ್ ಹಿಡೀರಿ... ಅವ್ಳ ಬಾಯ್ ತೆಗೀರಿ..."

ತೆಗ್ದ. ಆ ಪುಟ್ಟ ಪುಟ್ಟ ಹಾಲ್‌ಹಲ್ಲಿನ ಬುಡದಲ್ಲೂ ಅದೇ ಗೆರೆ. ನೀಲಿ.

"ಏನಮ್ಮಿ ಇದು?"

"ನಿಂಗವ್ವನ ಬಾಯಲ್ಲೂ ಅದೆ."

"ಅವ್ಳ ಬಾಯ್ ನೀನ್ ಯಾವಾಗ್ ನೋಡ್ದೆ?"

"ಈಗ."

ಶಿವಮಲ್ಲು ಏನೋ ಅನ್ನೋಕೋದ. ಅಷ್ಟ್ರಲ್ಲಿ ಕೂಸಿನ್ ಕಣ್ಗುಡ್ಡೆ ಮ್ಯಾಕ್ಕೆ ಸಿಕ್ಕಾಕ್ಕಂಡ್ವು. ಕೈಕಾಲು ಸೆಟ್ಕಂಡು ಗಡಗಡ ಅದುರೋಕೆ ಸುರು. ಇಬ್ರೂ ಬೀದಿಗೆ ಓಡುದ್ರು. ಗೂಡ್ಸ್ ಆಟೋ ತುಂಬ ಸಂಜೆ ತಂದಿದ್ದ ಹಳೇ ಟಿವಿ. ಶಿವಮಲ್ಲು ಒಂದೊಂದೇ ಎತ್ತಿ ಬೀದಿಗೆ ಬಿಸಾಕ್ದ. ಫಟ್... ಫಟ್... ಗಾಜು ಒಡ್ದ ಶಬ್ದಕ್ಕೆ ಬೀದಿಯೋರೆಲ್ಲ ಎದ್ರು. ಆಟೋದಲ್ಲಿ ಗುಂಡ್ಲುಪೇಟೆ. ಅಲ್ಲಿ ನಮ್ ಕೈಲಾಗಲ್ಲ ಅಂದ್ರು, ಆಂಬುಲೆನ್ಸ್ ಆಕಿ ಮೈಸೂರಿಗೆ ಕಳುಸುದ್ರು. ದಾರಿ ಉದ್ದಕ್ಕೂ ಶಾಂತಿ ಕೂಸಿನ್ ಕಿವೀಲಿ, "ಒಂದ್ ಮಾತಾಡು ಮಗ, ಬೈಯೋದಾದ್ರೂ ಬೈಯಿ ನನ್ನ..." ಅಂತಾನೇ ಇದ್ಲಂತೆ.

ರಕ್ತದಲ್ಲಿ ಸೀಸ ತುಂಬೋಗದೆ ಅಂದ್ರು ಮೈಸೂರ್ ಡಾಕ್ಟ್ರು. "ಮನೆ ಹತ್ರ ಬ್ಯಾಟ್ರಿ, ಬೋರ್ಡು ಏನಾದ್ರೂ ಸುಡ್ತೀರಾ?" ಅಂತ ಕೇಳುದ್ರು. ಶಿವಮಲ್ಲು ಅಲ್ಲೇ ಕುಸುದ್ಬುಟ್ಟ. "ನಾನೇ ಸಾರ್... ನಾನೇ ನನ್ ಮಗ್ಳನ್ನ..." ಅಂತ ಗೋಡೆಗೆ ತಲೆ ಚಚ್ಕಂಡ. ಗಂಡ್ಸು ಅಂಗೆ ಅತ್ತಿದ್ದ ನಾನಂತೂ ನೋಡಿರ್ನಿಲ್ಲ, ಆಸ್ಪತ್ರೇಲಿ ನಾನೂ ಇದ್ದೆ ಮಾರ್ನೇ ದಿನ.

ಕೂಸು ಉಳೀತು. ಉಳೀತು ಅನ್ನಬೇಕು, ಅಷ್ಟೆ. ಓದ ಮಾತು ಪೂರಾ ವಾಪಸ್ ಬರ್ನಿಲ್ಲ. ಸ್ಕೂಲಿಗೆ ಓಯ್ತಾಳೆ, ಇವತ್ತು ತಿದ್ದಿದ್ದ ಅಕ್ಷರ ನಾಳೀಕೆ ಗೊತ್ತಿಲ್ಲ. ಮಿದುಳಿಗೆ ಇಳ್ದಿರೋದ ತೆಗ್ಯೋಕೆ ಆಗಲ್ಲ ಅಂದವ್ರೆ. "ಅವ್ವ" ಅಂತಾಳೆ. ಆ ಒಂದ್ ಮಾತಿಗೇ ಶಾಂತಿ ದೇವ್ರಿಗೆ ಕೈ ಮುಗೀತಾಳೆ. ಬೀದೀಲಿ ಬೇರೆ ಐಕ್ಳಿಲ್ವಾ? ಎಲ್ರ ನಾಲ್ಗೆ ಮ್ಯಾಲೂ ಬಿದ್ದದೆ ಆ ಬೂದಿ. ಯಾರಟ್ಟೀಲಿ ಯಾವಾಗ ಏನ್ ಕಾದದೋ ಅಂತ ತಾಯಂದ್ರು ಈಗ್ಲೂ ಐಕ್ಳ ತುಟಿ ಎತ್ತೆತ್ತಿ ನೋಡ್ತಾರೆ.

ಶಿವಮಲ್ಲು ಆಸ್ಪತ್ರೆಯಿಂದ ಬಂದೋನು ಸೀದಾ ಗುಂಡಿ ಮುಚ್ಚೋಕೆ ಗುದ್ಲಿ ತಕ್ಕಂಡು ಓದ. ಗುಂಡೀಲಿ ಬೂದಿ ಇಲ್ಲ. ಒಂದ್ ಚಿಟಿಕೆ ಇಲ್ಲ. ಕೆಂಪು ಮಣ್ಣಿನ ತನಕ ನೆಕ್ಕಿಟ್ಟಂಗೆ ಇತ್ತಂತೆ. ಮುಚ್ಚಿ ಬಂದ. ಆ ವ್ಯಾಪಾರಾನೇ ಬುಟ್ಟ, ಈಗ ಶುಂಠಿ ಹೊಲದಲ್ಲಿ ಕೂಲಿ. ಅವ್ನೊಬ್ಬ ಬುಟ್ರೆ ಮುಗೀತಾ? ಪಟ್ಟಣದೋರು ಬಿಸಾಕೋದ ಬುಟ್ರಾ? ಈಗ ಕೆರೆ ಆಚೆ ಇನ್ಯಾರೋ ಸುಡ್ತಾರೆ. ರಾತ್ರಿ ಒತ್ತು ಮಾಳಿಗೆ ಮ್ಯಾಲೆ ನಿಂತ್ರೆ ಹಸ್ರು ಉರಿ ಕಾಣ್ತದೆ. ಶಾಂತಿ ಓಗಿ ಕಾಲಿಗೆ ಬಿದ್ಲು, ಬೈದ್ಲು, ಮಣ್ಣೆತ್ತಿ ಮೊಕಕ್ಕೆ ಎರುಚುದ್ಲು. ನಿನ್ ಮಗ್ಳಿಗಾಗಿದ್ದು ನಿನ್ ಹಣೆಬರ ಅಂದ್ರಂತೆ, ಹಾಳಾದೋರು.

ಏನಮ್ಮಿ, ಸುಳ್ಳು ಅನ್ನಿಸ್ತದಾ? ಸುಳ್ಳಾದ್ರೆ ನನ್ ನಾಲ್ಗೆ ಬಿದ್ದೋಗ್ಲಿ. ಮಾಲಯ ಅಮಾಸೆಗೆ ನಿಂಗವ್ವನಿಗೆ ಎಡೆ ಇಡೋಕೆ ಅಂತ ಪ್ರತಿ ವರ್ಸ ಶಾಂತಿ ಜೊತೆ ನಾನೂ ಓಯ್ತೀನಿ. ಮಣ್ ಮಾಡಿದ್ ಗುಡ್ಡೆ ಒಂದ್ ಮಳೆಗಾಲಕ್ಕೆ ತಗ್ಗೋಯ್ತದೆ, ನಿಮ್ ತಾತಂದು ನೋಡಿಲ್ವಾ, ಈಗ ನೆಲ ಯಾವ್ದು ಗುಡ್ಡೆ ಯಾವ್ದು ಗೊತ್ತಾಗಲ್ಲ. ನಿಂಗವ್ವಂದು ತಗ್ಗಿಲ್ಲ. ಗೆದ್ಲು ಅಂದ್ರು ಕೆಲವ್ರು. ಗೆದ್ಲಲ್ಲ, ಹಾರೆ ಆಕಿ ನೋಡವ್ರೆ. ಯಾರೂ ಮಣ್ಣು ತಂದು ಸುರೀತಾನೂ ಇಲ್ಲ. ಹೊಟ್ಟೇಲಿ ಜಾಗಿಲ್ಲ ಅಂದಿದ್ಲಲ್ಲ ಅವ್ಳು, ಕೆರೆ ಆಚೆ ಇನ್ನೂ ಸುಡ್ತಾನೇ ಅವ್ರೆ. ಬೇಕಾದ್ರೆ ಹಗ್ಲೊತ್ತು ಓಗಿ ನೋಡ್ಕಂಡ್ ಬನ್ನಿ. ಓದ್ ವರ್ಸ ಅದು ನನ್ ಮೊಣಕಾಲಿಗಿತ್ತು. ಈ ವರ್ಸ ಪಕ್ಕದಲ್ಲಿ ನಿಂತ್ರೆ ಸೊಂಟಕ್ಕೆ ಬಂದದೆ.