ಗೋಡೆಯಾಚೆಯ ಧಾರಾವಾಹಿ

ಹಲ್ಲು ಕೀಳಿಸಿಕೊಂಡ ಬಸ್ ಕಂಡಕ್ಟರನ ಬಾಯಿಗೆ ಡಾಕ್ಟರು ಹತ್ತಿ ತುರುಕಿ, ತುಟಿ ಬಿಚ್ಚಕೂಡದೆಂದು ಹೇಳಿ ಹೊರಗೆ ಕೂರಿಸಿದ್ದರು. ದಿನವಿಡೀ ಗಂಟಲು ಹರಿದುಕೊಳ್ಳುವ ಆಸಾಮಿಗೆ ಈಗ ಕಿವಿಯೊಂದೇ ಗತಿ. ಎದುರಿನ ಬೆಂಚಿನಲ್ಲಿ, ಒಂದೇ ಗೋಡೆಯ ಆಚೀಚೆ ಮನೆಗಳ ಇಬ್ಬರು ಹೆಂಗಸರು ಸರದಿಗೆ ಕಾಯುತ್ತಿದ್ದರು.

“ನಮ್ಮನೆಯವರು ವೈರಿಲ್ಲದ ಹೆಡ್‌ಫೋನ್ ತಂದ್ಮೇಲೆ ಮನೆ ತಣ್ಣಗಿದೆ ಕಣಮ್ಮ. ಜೋಡಿಸೋವಾಗ ಮೊಬೈಲಲ್ಲಿ ಎರಡು ಟೀವಿ ಹೆಸರು ಬಂತಂತೆ, ಮೇಲಿರೋದನ್ನ ಒತ್ತಿದ್ರು, ಸೇರ್ಕೊಂಡ್ತು.”

“ನಮ್ಮನೇಲಿ ಉಲ್ಟಾ ಅಕ್ಕ. ಧಾರಾವಾಹಿ ಹೊತ್ತಿಗೆ ಸರಿಯಾಗಿ ಟೀವಿಗೆ ಬಾಯಿ ಬಿದ್ದುಹೋಗುತ್ತೆ, ಬರೀ ಚಿತ್ರ ಓಡುತ್ತೆ. ರಿಪೇರಿಯವನು ಹಗಲು ಬಂದು ನೋಡಿದ್ರೆ ಏನೂ ಆಗಿರಲ್ಲ.”

“ಅಯ್ಯೋ. ನಮ್ಮೋರದ್ದು ಬೇರೆ ಕಥೆ. ಹೆಡ್‌ಫೋನ್ ಹಾಕ್ಕೊಂಡು ಮ್ಯಾಚ್ ನೋಡ್ತಾ ನೋಡ್ತಾ ಗೊಳೋ ಅಂತ ಅಳ್ತಾರೆ.”

“ಸೋತಿದ್ದಕ್ಕಾ?”

“ಗೆದ್ರೂ ಅಷ್ಟೇ!”

ಕಂಡಕ್ಟರ್ ನೆಟ್ಟಗೆ ಕೂತ.

“ನಿನ್ನೆ ಧಾರಾವಾಹೀಲಿ ಆ ಅತ್ತೆ ಸೊಸೇನ ಮನೆಯಿಂದಾಚೆ ಹಾಕಿದ್ಲೋ ಇಲ್ವೋ, ಯೋಚಿಸಿ ತಲೆ ಕೆಟ್ಟುಹೋಗಿದೆ ಅಕ್ಕ.”

“ಹಾಕ್ಲಿಲ್ಲ. ಮಾವ ಸೊಸೆ ಪರ ನಿಂತನಂತೆ. ಊಟಕ್ಕೆ ಕೂತಾಗ ಇವರೇ ಹೇಳಿದ್ರು.”

“ಅಣ್ಣ ಧಾರಾವಾಹಿ ನೋಡ್ತಾರಾ?”

“ಅದರ ಹೆಸರೆತ್ತಿದ್ರೆ ಉರಿದುಬೀಳ್ತಾರೆ! ಎಲ್ಲಿ ಕೇಳ್ಕೊಂಡು ಬಂದ್ರೋ. ಆ ಹೆಡ್‌ಫೋನ್ ನಂಗೊಂದ್ಸಲ ಕೊಡಿ ಅಂದ್ರೆ ಮಾತ್ರ, ತಲೆ ಮೇಲಿರೋ ಅದನ್ನ ಗಟ್ಟಿಯಾಗಿ ಹಿಡ್ಕೊಂಡು ಬಚ್ಚಲಿಗೆ ಓಡ್ತಾರೆ.”

ಕಂಡಕ್ಟರಿಗೆ ತಡೆಯಲಾಗಲಿಲ್ಲ. ಗೋಡೆ ತೋರಿಸಿದ, ತನ್ನ ಎರಡೂ ಕಿವಿ ಹಿಡಿದುಕೊಂಡ, “ಊಂ! ಊಂ!” ಎಂದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

“ಪಾಪ, ನೋವು ಕಿವಿಗೂ ಏರಿದೆ ನೋಡಿ ಅಕ್ಕ,” ಎನ್ನುತ್ತ ಇಬ್ಬರೂ ಎದ್ದು ಒಳಗೆ ಹೋದರು.