ರೆಕ್ಕೆಯ ಕುದುರೆಗೆ ಬಿದ್ದ ಷರಾ

ಕುಂಬಾರಕೊಪ್ಪಲಿನ ಬಾಡಿಗೆ ಪುಸ್ತಕದಂಗಡಿಯಲ್ಲಿ ಒಂದು ಪದ್ಧತಿಯಿದೆ. ಪುಸ್ತಕ ಹಿಂದಕ್ಕೆ ಕೊಡುವವರು ಕೊನೆಯ ಹಾಳೆಯಲ್ಲಿ ಷರಾ ಬರೆದು ಕೊಡಬೇಕು. ಅದನ್ನು ನೋಡಿಯೇ ಅಂಗಡಿಯವರು ಆ ಲೇಖಕನ ಮುಂದಿನ ಪುಸ್ತಕ ಕೊಳ್ಳುವುದು. ನಿನ್ನೆ ಸಂಜೆ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಗುಮಾಸ್ತರು ನಿಂತಿದ್ದರು, ಬಸವರಾಜು ಮತ್ತು ಮಹದೇವು. ಮಹದೇವುವಿನ ಕೈಯಲ್ಲಿ ರೆಕ್ಕೆಯ ಕುದುರೆಗಳ ಕಾದಂಬರಿ. ಅದನ್ನು ಬರೆದ ಚೆಲುವಯ್ಯ ಮೇಷ್ಟ್ರು ನನ್ನ ಹಿಂದೆಯೇ ಇದ್ದರು, ಎರಡನೆಯ ಭಾಗವನ್ನು ಕಂಕುಳಲ್ಲಿ ಇಟ್ಟುಕೊಂಡು.

“ಕುದ್ರೆಗೆ ರೆಕ್ಕೆಯಂತೆ! ಜಟಕಾದವನು ಹುರುಳಿ ಹಾಕೋಕೆ ಏಣಿ ಹತ್ತಬೇಕೇನೋ?” ಬಸವರಾಜು ನಕ್ಕ.

“ನಗಬೇಡ ಕಣೋ. ಆ ಕುದ್ರೆಮರೀದು ರೆಕ್ಕೆ ಕತ್ತರಿಸ್ತಾರಲ್ಲ, ನಂಗೆ ಅಳು ಬಂದ್ಬುಡ್ತು.”

“ಮೀಸೆ ಹೊತ್ತೋನು ಕುದ್ರೆ ಕತೆಗೆ ಅತ್ನಂತೆ! ಇರು, ನಾಳೆ ಆಫೀಸಲ್ಲಿ ಎಲ್ರಿಗೂ ಹೇಳ್ತೀನಿ.”

“ಹೇಳ್ಬೇಡ ಕಣೋ, ದಮ್ಮಯ್ಯ.”

“ಅಂಗಾರೆ ನಾನು ಹೇಳ್ದಂಗೆ ಷರಾ ಬರಿ.”

“ಮೆತ್ತಗೆ ಮಾತಾಡೋ. ಮೇಷ್ಟ್ರು ಹಿಂದೇನೇ ನಿಂತವ್ರೆ. ನಂಗೆ ಅಕ್ಷರ ಕಲಿಸ್ದೋರು.”

“ನೋಡ್ದೆ. ಅದಕ್ಕೇ ಜೋರಾಗಿ ಹೇಳ್ತಿರೋದು. ಬರಿ: ‘ಮಕ್ಕಳೂ ಓದುವುದಿಲ್ಲ.’”

ಮಹದೇವು ಬರೆದ.

“ಕೆಳಗೆ ನಿನ್ ಹೆಸ್ರು ಹಾಕು.”

ಹೆಸರನ್ನೂ ಹಾಕಿದ. ಅಂಗಡಿಯವರು ಓದಿ ತಲೆಯೆತ್ತಿದರು.

“ಎರಡನೇ ಭಾಗ ಬೇಡ ಬಿಡಿ ಮೇಷ್ಟ್ರೇ.”

ಮೇಷ್ಟ್ರು ಸಾಲಿನಿಂದ ಈಚೆಗೆ ಬಂದರು. ಮಹದೇವು ಅವರ ಎದುರಿಗೇ ಸಿಕ್ಕಿಬಿದ್ದ. ಕೈ ಮುಗಿದ.

“ಚೆನ್ನಾಗಿದೀರಾ ಸಾ?”

ಅವರು ಬಾಯಿ ತೆರೆಯುವ ಮೊದಲೇ ಬಸವರಾಜು ನಗುತ್ತ ಅವನನ್ನು ಬೀದಿಗೆ ಎಳೆದುಕೊಂಡು ಹೋದ.