ಖಾರವಿಲ್ಲದ ಕೆಮ್ಮು

“ರೋಗ ಇಳಿದೈತಿ ಅಜ್ಜಾರ, ಮಠದಾಗ ದಾಸೋಹದ ಪಂಕ್ತಿ ಯಾವಾಗ ಕೂಡ್ರಸ್ತೀರಿ?” ಎಂದು ಬೆಳಿಗ್ಗೆ ನಿಮ್ಮಲ್ಲೇ ನಾಲ್ಕು ಜನ ಹಿರಿಯರು ನನ್ನನ್ನು ಕೇಳಿದಿರಿ. ನಾನು ಸುಮ್ಮನಿದ್ದೆ. ಅಜ್ಜಾರಿಗೆ ಕಿವಿ ಮಂದವಾಯಿತೇನೋ ಎಂದುಕೊಂಡು ಎದ್ದು ಹೋದಿರಿ. ಕಿವಿ ಚೆನ್ನಾಗಿಯೇ ಇದೆ. ಕಿವಿಯದೇ ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ಮೆಣಸಿನಕಾಯಿಯ ಊರು. ಆ ಊರಿನ ದೊಡ್ಡ ಗೋದಾಮು ಒಬ್ಬ ಸಾಹುಕಾರನದು. ಅವನ ಹೆಸರು ಬೇಡ. ಹೆಸರು ಹೇಳಿದರೆ ‘ಅದು ಅವರ ಊರಿನ ಮಾತು’ ಎಂದು ನೀವು ಹಗುರಾಗಿಬಿಡುತ್ತೀರಿ. ಆ ಗೋದಾಮಿನಲ್ಲಿ ನೂರು ಹೆಣ್ಣುಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮೆಣಸಿನ ಘಾಟು ಎಂದ ಮೇಲೆ ಕೆಮ್ಮು ಇರಲೇಬೇಕಲ್ಲ? ಈ ಸಾಲು ಕೆಮ್ಮಿ ನಿಲ್ಲಿಸುವಷ್ಟರಲ್ಲಿ ಆ ಸಾಲು ಶುರು. ಸಾಹುಕಾರನ ಕಿವಿಗೆ ಅದು ಸನಾದಿ ಊದಿದ ಹಾಗೆ. ಪರವೂರಿನ ವ್ಯಾಪಾರಿ ಮೂಗಿಗೆ ವಸ್ತ್ರ ಹಿಡಿದರೆ ಎದೆ ಉಬ್ಬಿಸಿ ಹೇಳುತ್ತಿದ್ದ: “ಆ ಕೆಮ್ಮು ಕೇಳ್ರಿ. ನಮ್ಮ ಕಾಯಿ ಎಂಥಾದ್ದು ಅಂತ ಅದ ಹೇಳತೈತಿ.”

ಆಮೇಲೆ ರೋಗ ಬಂತು. ಗೋದಾಮಿಗೆ ಬೀಗ ಬಿತ್ತು. ಆದರೆ ನೋಡಿ, ಆ ಹೆಣ್ಣುಮಕ್ಕಳು ಕೈಕಟ್ಟಿ ಕೂರಲಿಲ್ಲ. ಒಬ್ಬೊಬ್ಬರು ಒಂದೊಂದು ಚೀಲ ಮನೆಗೆ ಒಯ್ದು ತಮ್ಮ ತಮ್ಮ ಕಟ್ಟೆಯ ಮೇಲೆ ತೊಟ್ಟು ಬಿಡಿಸಿದರು. ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ. ಸುತ್ತಲ ಊರುಗಳಲ್ಲಿ ಹೆಣ ಬಿದ್ದವು; ಈ ಊರಿನಲ್ಲಿ ಒಂದೂ ಬೀಳಲಿಲ್ಲ. ಹೆಮ್ಮೆ ಪಡಬೇಕಾದ ಮಾತು ಹೌದೋ ಅಲ್ಲವೋ?

ಆ ಹೆಮ್ಮೆಯನ್ನು ಸಾಹುಕಾರ ಒಬ್ಬನೇ ಹೊದ್ದುಕೊಂಡ. ನಮ್ಮೂರಿನ ಘಾಟಿಗೆ ರೋಗ ಹೆದರಿತು ಎಂದ. ಹಾಗಂದವನಿಗೆ ಸುಮ್ಮನಿರಲು ಆದೀತೇ? ಸರಕಾರ ಬಿಗಿ ಸಡಿಲಿಸಿದ ದಿನವೇ, ಸುತ್ತಲ ಹತ್ತೂರಿಗೆ ಮೊದಲು ತನ್ನ ಗೋದಾಮು ತೆರೆಯಬೇಕೆಂದು ಹಟ ಹಿಡಿದ.

ಅವನ ತಂದೆಯ ಕಾಲದಿಂದ ಸಾಲು ಕೂರಿಸುತ್ತ ಬಂದ ಮುದುಕಿಯೊಬ್ಬಳಿದ್ದಳು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಆಕೆ ಬಾಗಿಲಿಗೆ ಅಡ್ಡ ನಿಂತಳು.

“ನೂರು ಮಂದಿಗೆ ಲಸಿಕಿ ಸೂಜಿ ಬಿದ್ದ ಮ್ಯಾಲೆ ಬಾಗಲಾ ತಗೀತೇನಿ ಅಂದಿದ್ರಿ ಸಾವ್ಕಾರ್ರ. ನಲವತ್ತು ಮಂದಿಗೆ ಬಿದ್ದೈತಿ.”

“ನನಗ ಎರಡೂ ಬಿದ್ದಾವು, ಆಯಿ.”

“ನೀವೇನ್ ಸಾಲಿನಾಗ ಕುಂತು ತೊಟ್ಟು ಬಿಡಸ್ತೀರೇನು?”

ನಾಲ್ಕು ಜನ ಸೆರಗು ಬಾಯಿಗೆ ಒತ್ತಿ ನಕ್ಕರು. ಸಾಹುಕಾರನೂ ನಕ್ಕ, ಆದರೆ ಬೀಗದ ಕೈ ತಿರುಗಿಸಿಬಿಟ್ಟ. ಬಾಗಿಲಿಗೆ ಮಾವಿನ ತೋರಣ, ಎಲ್ಲರಿಗೂ ಬೆಲ್ಲ.

ಒಳಗೆ ಹೋಗುವಾಗ ಒಬ್ಬ ಹುಡುಗಿ ನಿಂತಳು. ಮದುವೆಯಾಗಿ ನಾಲ್ಕು ವರ್ಷ, ತೊಟ್ಟಿಲಲ್ಲಿ ಕೂಸು. ಕೆಲಸದ ನಡುವೆ ಹಾಡು ಹೇಳುತ್ತಿದ್ದವಳು ಅವಳೇ. “ಸಾವ್ಕಾರ್ರ, ಗುರುವಾರ ನನ್ನ ಪಾಳಿ ಐತಿ. ಅರ್ಧಾ ದಿನ ಬಿಟ್ರ ಸೂಜಿ ಹಾಕಿಸ್ಕೊಂಡ ಬರ್ತೇನ್ರಿ.”

“ಬರೋ ವಾರ ಹೋಗವಾ ತಂಗಿ. ಸೂಜಿ ಎಲ್ಲಿ ಓಡಿ ಹೊಕ್ಕೈತಿ? ಹಾಡಾಕೀನ ಇಲ್ಲಂದ್ರ ಸಾಲು ಹೆಂಗ ಓಡಬೇಕು?”

ಗದರಿಸಲಿಲ್ಲ, ನೋಡಿ. ಪ್ರೀತಿಯಿಂದಲೇ ಹೇಳಿದ. ಅವಳು ತಲೆ ಆಡಿಸಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ಮೂರನೇ ಸಾಲು, ಕಿಟಕಿಯ ಪಕ್ಕ.

ಮೊದಮೊದಲು ಎಲ್ಲರೂ ಮಾಸ್ಕು ಕಟ್ಟಿದ್ದರು. ಮೆಣಸಿನ ಕೈ ತಾಗಿದ ಮಾಸ್ಕು ಕೆನ್ನೆ ಉರಿಸುತ್ತದೆ. ಮಧ್ಯಾಹ್ನಕ್ಕೆಲ್ಲ ಅವು ಕೊರಳಿಗಿಳಿದವು. ಗೋದಾಮು ಕೆಮ್ಮತೊಡಗಿತು. ಸಾಹುಕಾರ ಗಾದಿಯ ಮೇಲೆ ಕುಳಿತು ಕಣ್ಣು ಮುಚ್ಚಿ ಕೇಳಿದ. ಎಷ್ಟು ತಿಂಗಳಾಗಿತ್ತು ಈ ಸದ್ದು ಕೇಳಿ! ಗುರುವಾರ ಬಂತು, ಹೋಯಿತು. ಅವಳೂ ಹಾಡಿದಳು, ನಡುನಡುವೆ ಕೆಮ್ಮಿದಳು. ಯಾರು ಕೆಮ್ಮಲಿಲ್ಲ ಅಲ್ಲಿ?

ಹತ್ತನೆಯ ದಿನ ಲಾರಿ ಬಂತು. ಇದ್ದ ಕಾಯಿಯನ್ನೆಲ್ಲ ತುಂಬಿ ಕಳಿಸಿದರು. ನೆಲ ಗುಡಿಸಿ, ನೀರು ಹಾಕಿ ತೊಳೆದರು. ಕಿಟಕಿ ತೆರೆದರು, ಗಾಳಿ ಬಂತು. ಒಂದು ತೊಟ್ಟೂ ಉಳಿದಿರಲಿಲ್ಲ. ಹೊಸ ಮಾಲು ಬರುವವರೆಗೆ ಎಲ್ಲರೂ ಗೋಡೆಗೆ ಒರಗಿ ಚಹಾ ಕುಡಿಯುತ್ತ ಕುಳಿತರು. ಮಾತು ನಿಂತಿತು. ಅಂಥ ಮೌನ ಆ ಗೋದಾಮಿನಲ್ಲಿ ಎಂದೂ ಇದ್ದದ್ದಿಲ್ಲ.

ಆ ಮೌನದಲ್ಲಿ ಯಾರೋ ಕೆಮ್ಮಿದರು.

ಸಾಹುಕಾರ ಕಣ್ಣು ತೆರೆದ. ಮೂರನೇ ಸಾಲಿನ ಕಡೆಯಿಂದ ಇನ್ನೊಮ್ಮೆ. ಬಾಗಿಲ ಕಡೆಯಿಂದ ಒಂದು. ಮತ್ತೆರಡು. ಅವನ ಕೈಯಲ್ಲಿ ಬಟ್ಟಲು ಹಾಗೆಯೇ ನಿಂತಿತು. ಗೋದಾಮಿನಲ್ಲಿ ಕಾಯಿ ಇಲ್ಲ, ಘಾಟಿಲ್ಲ. ಹಾಗಾದರೆ ಇದು ಯಾವ ಕೆಮ್ಮು? ಹತ್ತು ದಿನದಿಂದ ಕಣ್ಣು ಮುಚ್ಚಿ, ತಲೆದೂಗಿ ತಾನು ಕೇಳಿದ್ದು ಯಾವುದನ್ನು?

ಆಯಿ ಅವನನ್ನು ನೋಡಿದಳು.

ಮೂವತ್ತೊಂದು ಜನ ಮಲಗಿದರು. ಮೂವತ್ತು ಜನ ಎದ್ದರು. ಹಾಡುವವಳು ಏಳಲಿಲ್ಲ. ಒಂದು ಗುರುವಾರ, ಅರ್ಧ ದಿನ, ಅವಳು ಕೇಳಿದ್ದು ಅಷ್ಟೇ. ಸೂಜಿ ಓಡಿಹೋಗಲಿಲ್ಲ, ಅದು ಇದ್ದಲ್ಲೇ ಇತ್ತು.

ಮುಂದಿನದನ್ನು ಕೇಳಿ. ಸಾಹುಕಾರ ತನ್ನ ಕೈಯಿಂದಲೇ ಬೀಗ ಹಾಕಿ, ಬೀಗದ ಕೈಯನ್ನು ಆಯಿಯ ಉಡಿಗೆ ಹಾಕಿದ. “ಯಾವಾಗ ತಗೀಬೇಕಂತ ನೀ ಹೇಳು” ಎಂದ. ಹುಟ್ಟಿದಂದಿನಿಂದ ಚೀಲ ಹೊರದ ಹೆಗಲು ಅವನದು. ಆ ಹೆಗಲ ಮೇಲೆ ಚೀಲ ಹೊತ್ತು ಮನೆಮನೆಗೆ ಹಾಕಿದ. ಸೂಜಿಯ ಪಾಳಿ ಬಂದವರನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋದ. ತಿಂಗಳುಗಳೇ ಹಿಡಿದವು. ಕೊನೆಗೆ ಉಳಿದವಳು ಸೂಜಿಗೆ ಹೆದರಿ ಕುಳಿತ ಹಟಮಾರಿಯೊಬ್ಬಳು. ಅವಳ ಕಟ್ಟೆಯ ಮೇಲೆ ಆಯಿ ಮೂರು ದಿನ ಕುಳಿತಳು. “ನೀ ಬರೂತನಕ ನಾ ಇಲ್ಲೇ ಉಣ್ಣಾಕಿ. ನಿನ್ನ ರೊಟ್ಟಿ ನೋಡಿದ್ರ ನನಗೂ ಹೆದರಿಕಿ ಬರತೈತಿ, ಆದ್ರೂ ಉಣ್ಣಾಕಿ” ಎಂದಳು. ನಾಲ್ಕನೆಯ ದಿನ ಆ ಹಟಮಾರಿ ನಗುತ್ತ ಎದ್ದು ನಡೆದಳು.

ಅಂದು ಗೋದಾಮಿನ ಬಾಗಿಲು ತೆರೆದದ್ದು ಆಯಿ. ತೊಂಬತ್ತೊಂಬತ್ತು ಜನ ಒಳಗೆ ನಡೆದರು. ಹತ್ತೂರಿನಲ್ಲಿ ಕೊನೆಗೆ ತೆರೆದ ಗೋದಾಮು ಅದು, ಆದರೂ ಅವರು ಹೇಗೆ ತಲೆ ಎತ್ತಿ ನಡೆದರು ಗೊತ್ತೇ? ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ ಬಿಟ್ಟರು. ಇಂದಿಗೂ ಅಲ್ಲಿ ಯಾರೂ ಕೂರುವುದಿಲ್ಲ. ಇಂದಿಗೂ ಸಾಹುಕಾರ ದಿನಕ್ಕೊಮ್ಮೆ ಕೆಲಸ ನಿಲ್ಲಿಸಿ, ಕಿಟಕಿ ತೆರೆಸಿ, ಸುಮ್ಮನೆ ನಿಂತು ಕೇಳುತ್ತಾನೆ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಕೊರಳಲ್ಲಿ ಮಾಸ್ಕು ತೂಗುತ್ತಿದೆಯಲ್ಲ, ಮೊದಲು ಅದನ್ನು ಮೇಲಕ್ಕೆತ್ತಿ. ಹಾಂ. ‘ನನಗೆ ಎರಡೂ ಬಿದ್ದಿವೆ’ ಎಂದು ಮೀಸೆ ತಿರುವುವವರೇ, ನಿಮ್ಮ ಮನೆಯ ಪಾತ್ರೆ ತಿಕ್ಕುವವಳಿಗೆ ಬಿದ್ದಿದೆಯೇ? ನಿಮ್ಮ ಹೊಲಕ್ಕೆ ಬರುವವನಿಗೆ? ಕೇಳಿದ್ದೀರಾ ಒಂದು ದಿನವಾದರೂ? ಕೇಳಿ. ಪಾಳಿ ಬಂದಿದ್ದರೆ ಅರ್ಧ ದಿನ ಬಿಡಿ. ಬಿಟ್ಟರೆ ಸಾಲದು, ಜೊತೆಗೆ ಹೋಗಿ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ‘ಧೂಳಿನದು’, ‘ಒಗ್ಗರಣೆಯದು’ ಎಂದು ಹೆಸರಿಡಬೇಡಿ. ಒಲೆ ಆರಿಸಿ, ಕಿಟಕಿ ತೆರೆದು, ಒಂದು ಗಳಿಗೆ ಸುಮ್ಮನೆ ಕೇಳಿ.

ಇನ್ನು ಪಂಕ್ತಿಯ ಮಾತು. ಈ ಮಠದ ದಾಸೋಹದ ಒಲೆ ಒಂದು ದಿನವೂ ಆರಿಲ್ಲ. ಬುತ್ತಿ ಕಟ್ಟಿ ನಿಮ್ಮ ಬಾಗಿಲಿಗೆ ಮುಟ್ಟಿಸಿದ್ದೇವೆ, ಇನ್ನೂ ಮುಟ್ಟಿಸುತ್ತೇವೆ. ಆದರೆ ದಾಸೋಹದ ಮನೆಯ ಬೀಗದ ಕೈ ಇವತ್ತಿನಿಂದ ನನ್ನ ಹತ್ತಿರ ಇಲ್ಲ. ಮನೆಮನೆಗೆ ತಿರುಗಿ ಸೂಜಿಯ ಪಟ್ಟಿ ಬರೆಯುವ ನಮ್ಮ ಆಶಾ ಕಾರ್ಯಕರ್ತೆ ತಾಯಿ ಅಲ್ಲಿ ಕಂಬದ ಪಕ್ಕ ಕುಳಿತಿದ್ದಾಳೆ, ಅವಳಿಗೆ ಕೊಟ್ಟಿದ್ದೇನೆ. ಪಂಕ್ತಿ ಯಾವಾಗ ಅಂತ ನನ್ನನ್ನು ಕೇಳಬೇಡಿ. ನಿಮ್ಮ ಓಣಿಯಲ್ಲಿ ಉಳಿದವರು ಯಾರು ಅಂತ ಅವಳನ್ನು ಕೇಳಿ, ನಾಳೆ ಬೆಳಿಗ್ಗೆ ಅವರ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳಿ.